ಓದುಗರ ಪ್ರಶ್ನೆ, ಟೀಚರ್ ಉತ್ತರ: ‘ಕ್ಷಮಿಸಿದ್ದೇನೆ’ ಎಂದು ಯಾರು ಹೇಳಬೇಕು?

ಪ್ರಶ್ನೆ: ಟೀಚರ್, ನಮಸ್ಕಾರ. ನಾವು ಚಿಕ್ಕಮಗಳೂರು ಕಡೆಯ ಕಥೋಲಿಕರು. ಮನೆಯವರು ತೀರಿಕೊಂಡ ಮೇಲೆ ಮಗ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡ. ಯೂಟಾ ರಾಜ್ಯದಲ್ಲಿ, ಸಾಲ್ಟ್ ಲೇಕ್ ಸಿಟಿ ಹತ್ತಿರ ಇದ್ದೇವೆ. ನಾನು ಬಂದು ಎಂಟು ತಿಂಗಳಾಯಿತು. ಮಗ ಮದುವೆಯಾಗಬೇಕು ಅಂತಿರುವ ಹುಡುಗಿ ಮಾರ್ಮನ್ ಸಭೆಯವಳು. ಬಂಗಾರದಂಥ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಕಳೆದ ತಿಂಗಳು ಊಟಕ್ಕೆ ಬಂದಿದ್ದಾಗ ಪಾಪನಿವೇದನೆಯ, ಅಂದರೆ ಪಾಪಗಳನ್ನು ಪಾದ್ರಿಯ ಮುಂದೆ ಹೇಳಿಕೊಳ್ಳುವುದರ ಮಾತು ಬಂತು. ‘ದೇವರನ್ನೇ ನೇರವಾಗಿ ಕೇಳಬಹುದಲ್ವಾ ಆಂಟಿ, ನಡುವೆ ಪಾದ್ರಿ ಯಾಕೆ?’ ಅಂತ ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಮಗ, ‘ನಮ್ಮಲ್ಲಿ ಸುಲಭ. ಐದು ನಿಮಿಷ ಮೊಣಕಾಲೂರಿ ಹೇಳಿದರೆ ಮುಗೀತು. ಅವರಲ್ಲಿ ಮನುಷ್ಯ ನಿಜವಾಗಿ ಬದಲಾಗಬೇಕು’ ಅಂದುಬಿಟ್ಟ. ನನಗೆ ಊಟ ಸೇರಲಿಲ್ಲ. ನಮ್ಮದು ಅಷ್ಟು ಹಗುರವಾ ಟೀಚರ್? ಅವರಲ್ಲೂ ಬಿಷಪ್ ಹತ್ತಿರ ಹೋಗಿ ಹೇಳಬೇಕಂತೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮುಂದಿನ ತಿಂಗಳು ಅವಳ ತಂದೆ ತಾಯಿಯನ್ನು ಒಂದು ಭಾನುವಾರ ಊಟಕ್ಕೆ ಕರೆಯಬೇಕು ಅಂತಿದ್ದೇನೆ. ಅವರ ಹತ್ತಿರ ಏನು ಮಾತಾಡಲಿ?
(ಹೆಸರು ಬೇಡ, ಯೂಟಾ)

ಉತ್ತರ: ತಂಗಿ, ನಿಮ್ಮ ಪತ್ರ ಬಂದು ಎರಡು ವಾರವಾಯಿತು. ದಿನಾ ಒಮ್ಮೆ ತೆಗೆದು ಓದುತ್ತಿದ್ದೆ. ನಿಮ್ಮ ಮಗ ಆಡಿದ ಮಾತು ನನಗೆ ಹೊಸದಲ್ಲ. ಮಂಗಳೂರು ಕಡೆಯ ನಮ್ಮ ಚರ್ಚಿನಲ್ಲಿ 31 ವರ್ಷ ಭಾನುವಾರದ ಧರ್ಮೋಪದೇಶ ಕ್ಲಾಸು ನೋಡಿಕೊಂಡವಳು ನಾನು. ಮೊದಲ ಪಾಪನಿವೇದನೆಗೆ ತಯಾರು ಮಾಡುವಾಗ ಪ್ರತಿ ವರ್ಷ ಯಾವುದಾದರೂ ಒಂದು ಮಗು ಕೈ ಎತ್ತುತ್ತಿತ್ತು: ‘ಟೀಚರ್, ಫಾದರ್‌ಗೆ ಹೇಳಿದರೆ ಹೋಯ್ತಾ? ನಾಳೆ ಮತ್ತೆ ಮಾಡಿದರೆ?’ ಏಳೆಂಟು ವರ್ಷದ ಮಗು ಕೇಳಿದರೆ ಮುದ್ದು ಬರುತ್ತದೆ. ಬೆಳೆದ ಮಗ, ಬರುವ ಸೊಸೆಯ ಮುಂದೆ ಹಾಗಂದರೆ ಹೊಟ್ಟೆಗೆ ಊಟ ಹೇಗೆ ಇಳಿಯುತ್ತದೆ?

ನೀವಿರುವ ಊರು ನನಗೂ ಗೊತ್ತು. ಮಗಳ ಎರಡು ಬಾಣಂತನಕ್ಕೂ ಅಲ್ಲಿಗೆ ಹೋಗಿದ್ದೆ, ಎರಡು ಸಲವೂ ಆರಾರು ತಿಂಗಳು. ಸೌತ್ ಟೆಂಪಲ್ ಎಂಬ ಬೀದಿಯನ್ನು ನೀವೂ ನೋಡಿರುತ್ತೀರಿ. ಅಲ್ಲಿ ಮಾರ್ಮನ್ನರ ದೊಡ್ಡ ಟೆಂಪಲ್ ಇದೆ. 1853ರಲ್ಲಿ ಕಟ್ಟಲು ಶುರು ಮಾಡಿ 1893ರಲ್ಲಿ ಮುಗಿಸಿದರು, 40 ವರ್ಷದ ಕೆಲಸ. ಅದೇ ಬೀದಿಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ನಮ್ಮ ಮದಲೀನ್ ಕೆಥೆಡ್ರಲ್, 1909ರದ್ದು. ನಾನು ಎಷ್ಟೋ ಸಂಜೆ ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಒಂದರಿಂದ ಇನ್ನೊಂದಕ್ಕೆ ನಡೆದಿದ್ದೇನೆ. ನಿಮ್ಮ ಪ್ರಶ್ನೆ ಆಗ ನನ್ನದೂ ಆಗಿತ್ತು.

ಮೊದಲು ‘ಐದು ನಿಮಿಷ’ದ ಮಾತಿಗೆ ಬರುತ್ತೇನೆ. ಇದಕ್ಕೆ ನನ್ನ ಕತೆಯನ್ನೇ ಹೇಳಬೇಕು. ಅಮ್ಮ ತೀರಿಕೊಂಡಾಗ ಅವರ ಒಂದು ಜೊತೆ ಚಿನ್ನದ ಬಳೆ ನನ್ನ ಹತ್ತಿರ ಇತ್ತು. ‘ನಿನಗೊಂದು, ತಂಗಿಗೊಂದು’ ಎಂದು ಅಮ್ಮ ನನ್ನೊಬ್ಬಳಿಗೇ ಹೇಳಿದ್ದರು. ತಂಗಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅಮ್ಮನ ಕೊನೆಗಾಲದಲ್ಲಿ ನೋಡಿಕೊಂಡವಳು ನಾನು, ಅವಳು ಮುಂಬೈಯಲ್ಲಿ ಆರಾಮವಾಗಿದ್ದಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ಒಂಬತ್ತು ವರ್ಷ. ಆ ವರ್ಷಗಳಲ್ಲೂ ಪಾಪನಿವೇದನೆ ತಪ್ಪಿಸಿರಲಿಲ್ಲ. ಸಿಟ್ಟು ಮಾಡಿದೆ, ಪ್ರಾರ್ಥನೆ ಬಿಟ್ಟೆ ಎಂದೆಲ್ಲ ಹೇಳುತ್ತಿದ್ದೆ. ಬಳೆಯ ಮಾತು ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು.

ಒಂದು ತಪಸ್ಸುಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅದು ಬಾಯಿಗೆ ಬಂದೇ ಬಿಟ್ಟಿತು. ಜಾಲರಿಯ ಆಚೆ ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಬಳೆ ಈಗ ಎಲ್ಲಿದೆ?’ ಕಪಾಟಿನಲ್ಲಿ ಅಂದೆ. ‘ತಂಗಿ?’ ಮುಂದಿನ ವಾರ ಊರಿಗೆ ಬರುತ್ತಾಳೆ ಅಂದೆ. ‘ಹಾಗಾದರೆ ಒಂದನ್ನು ಅವಳ ಕೈಗೆ ಕೊಡಿ. ಯಾಕೆ ತಡವಾಯಿತು ಎಂದೂ ಹೇಳಿ. ನಿಮ್ಮ ಪ್ರಾಯಶ್ಚಿತ್ತ ಅದೇ.’ ಜಪ ಕೊಟ್ಟಿದ್ದರೆ ನೂರು ಜಪಸರ ಬೇಕಾದರೂ ಮಾಡುತ್ತಿದ್ದೆ. ಇದು ಕಷ್ಟವಾಯಿತು.

ತಂಗಿ ಬಂದ ದಿನ ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಿದ್ದಳು. ನಾನು ಬಳೆ ಹಿಡಿದು ನಿಂತು ಎಲ್ಲ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಳೆ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಒಂದು ಬದಿಯಲ್ಲಿ ಸಣ್ಣ ತಗ್ಗು ಇತ್ತು, ರುಬ್ಬುವ ಕಲ್ಲಿಗೆ ತಾಗಿ ತಾಗಿ ಆದದ್ದು. ಅದನ್ನು ಹೆಬ್ಬೆರಳಿನಿಂದ ಸವರಿ, ‘ಇದು ಅಮ್ಮನ ಬಲಗೈಯದ್ದು’ ಅಂದಳು. ಬೇರೆ ಏನೂ ಹೇಳಲಿಲ್ಲ. ಮಳೆಗಾಲ ಮುಗಿಯುವವರೆಗೂ ನನಗೆ ಫೋನ್ ಮಾಡಲಿಲ್ಲ. ಆಮೇಲೆ ಒಂದು ದಿನ ಅವಳೇ ಮಾಡಿದಳು.

ಈಗ ಹೇಳಿ, ಇದು ಐದು ನಿಮಿಷದ್ದಾ? ನಮ್ಮ ಸಭೆ ಕಲಿಸುವುದು ಇದನ್ನೇ. ಪಾಪಕ್ಕೆ ಮನಸಾರೆ ನೋಯಬೇಕು, ಬಾಯಿಬಿಟ್ಟು ಹೇಳಬೇಕು, ಮತ್ತೆ ಮಾಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಬೇಕು, ಕೆಡಿಸಿದ್ದನ್ನು ಕೈಲಾದಷ್ಟು ಸರಿಪಡಿಸಬೇಕು. ಕದ್ದದ್ದನ್ನು ವಾಪಸ್ ಕೊಡಬೇಕು, ಒಬ್ಬರ ಹೆಸರು ಕೆಡಿಸಿದ್ದರೆ ಅದನ್ನೂ ನೆಟ್ಟಗೆ ಮಾಡಬೇಕು. ಪಶ್ಚಾತ್ತಾಪವಾಗಲಿ, ಬಿಡುವ ಮನಸ್ಸಾಗಲಿ ಇಲ್ಲದೆ ಸುಮ್ನೆ ಹೇಳಿ ಎದ್ದುಬಂದರೆ ಆ ಪಾಪನಿವೇದನೆ ನಿಲ್ಲುವುದೇ ಇಲ್ಲ. ಇದನ್ನು ಮಗನಿಗೆ ಸಮಾಧಾನವಾಗಿ ಹೇಳಿ.

ಆದರೆ ಒಂದು ವಿಷಯ ಗಮನಿಸಿ. ಫಾದರ್ ಕ್ಷಮೆಯ ಮಾತು ಹೇಳಿದ್ದು ಆ ಸಂಜೆಯೇ. ಬಳೆ ಇನ್ನೂ ಕಪಾಟಿನಲ್ಲೇ ಇತ್ತು. ‘ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನ್ನನ್ನು ನಿನ್ನ ಪಾಪಗಳಿಂದ ಬಿಡಿಸುತ್ತೇನೆ’ ಎಂಬ ಮಾತು ಮೊದಲು ಬಂತು, ನಾನು ಸರಿಪಡಿಸಿದ್ದು ಆಮೇಲೆ. ಕ್ಷಮೆ ಸಿಕ್ಕಿದ್ದರಿಂದಲೇ ತಂಗಿಯ ಮುಂದೆ ನಿಲ್ಲಲು ಧೈರ್ಯ ಬಂತು. ನನಗೆ ಕಂಡಂತೆ ಎರಡು ಸಭೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ.

ಹುಡುಗಿ ಕೇಳಿದ್ದಳಲ್ಲ, ನಡುವೆ ಪಾದ್ರಿ ಯಾಕೆ ಎಂದು. ಒಳ್ಳೆಯ ಪ್ರಶ್ನೆ. ನಾವೂ ದೇವರನ್ನು ನೇರವಾಗಿ ಕೇಳುತ್ತೇವೆ. ರಾತ್ರಿ ಮಲಗುವ ಮೊದಲು ಪಶ್ಚಾತ್ತಾಪದ ಪ್ರಾರ್ಥನೆ ಹೇಳುವುದು, ಪ್ರತಿ ಬಲಿಪೂಜೆಯ ಶುರುವಿನಲ್ಲಿ ‘ನನ್ನ ತಪ್ಪು’ ಎಂದು ಎದೆ ತಟ್ಟಿಕೊಳ್ಳುವುದು ಮತ್ತೇನು? ಆದರೆ ಭಾರೀ ಪಾಪಗಳಿಗೆ ಒಂದು ದಾರಿಯನ್ನು ಯೇಸುವೇ ಇಟ್ಟುಹೋದರು ಎಂದು ನಾವು ನಂಬುತ್ತೇವೆ. ಪುನರುತ್ಥಾನದ ದಿನ ಸಂಜೆ ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪ ಕ್ಷಮಿಸುತ್ತೀರೋ ಅವರಿಗೆ ಕ್ಷಮೆಯಾಗುತ್ತದೆ ಅಂದರಲ್ಲ, ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯದಲ್ಲಿ, ಆ ಮಾತು. ಆಸನದಲ್ಲಿ ಕೂತ ಗುರುಗಳು ತಮ್ಮ ಕ್ಷಮೆಯನ್ನು ಕೊಡುವುದಿಲ್ಲ. ಅವರ ಬಾಯಲ್ಲಿ ಕ್ರಿಸ್ತರು ಮಾತಾಡುತ್ತಾರೆ. ನನ್ನಂಥವಳಿಗೆ ಅದು ಕಿವಿಗೆ ಕೇಳಿಸುವುದು ದೊಡ್ಡ ವಿಷಯ. ನನ್ನ ಮನಸ್ಸು ನನಗೇ ಎಷ್ಟೋ ಸಲ ಸುಳ್ಳು ಹೇಳಿದೆ. ಹೊರಗಿನಿಂದ ಬಂದ ಧ್ವನಿ ಹಾಗಲ್ಲ.

ಇನ್ನು ಅವರ ದಾರಿ. ಮೊದಲು ಹೆಸರು. ‘ಮಾರ್ಮನ್’ ಎಂದು ಎಲ್ಲರೂ ಅನ್ನುತ್ತೇವೆ, ಆದರೆ 2018ರಲ್ಲಿ ಅವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್, ದಯವಿಟ್ಟು ಸಭೆಯನ್ನು ಪೂರ್ತಿ ಹೆಸರಿನಿಂದ ಕರೆಯಿರಿ ಎಂದು ಕೇಳಿಕೊಂಡರು. ಕನ್ನಡದಲ್ಲಿ ಹೇಳುವುದಾದರೆ ‘ಕಡೇ ದಿನಗಳ ಸಂತರ ಯೇಸುಕ್ರಿಸ್ತರ ಸಭೆ’. ಬೀಗರ ಮುಂದೆ ಆ ಹೆಸರು ಬಳಸಿ, ಅವರಿಗೆ ಸಂತೋಷವಾಗುತ್ತದೆ. ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಶುರುಮಾಡಿದ ಸಭೆ ಅದು.

ಅವರ ಬಿಷಪ್ ಎಂದರೆ ನಮ್ಮ ಬಿಷಪ್‌ರಂತೆ ಅಲ್ಲ. ಗುರುಮಠದಲ್ಲಿ ಓದಿದವರಲ್ಲ, ಸಂಬಳವಿಲ್ಲ, ಹೆಂಡತಿ ಮಕ್ಕಳು ಇರುತ್ತಾರೆ. ಬೇರೆ ಉದ್ಯೋಗ ಮಾಡಿಕೊಂಡೇ ಐದು ವರ್ಷದ ಆಸುಪಾಸು ತಮ್ಮ ‘ವಾರ್ಡ್’ ಅಂದರೆ ನಮ್ಮ ಧರ್ಮಕೇಂದ್ರದಂಥ ಒಂದು ಗುಂಪನ್ನು ನೋಡಿಕೊಳ್ಳುತ್ತಾರೆ. ಮಗಳ ಮನೆಯ ಎದುರಿಗೆ ಅಂಥವರೊಬ್ಬರಿದ್ದರು, ಹಿಂದೆ ಬಿಷಪ್ ಆಗಿದ್ದವರು. ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್. ಹಿಮ ಬಿದ್ದ ಬೆಳಿಗ್ಗೆ ನಾವು ಏಳುವುದರೊಳಗೆ ನಮ್ಮ ಅಂಗಳದ ಹಿಮವನ್ನೂ ಎತ್ತಿಹಾಕಿರುತ್ತಿದ್ದರು, ಹೇಳದೆ ಕೇಳದೆ.

ಒಂದು ದಿನ ಅವರ ಹೆಂಡತಿಯೂ ಕೂತಿದ್ದಾಗ ನಾನು ಧೈರ್ಯ ಮಾಡಿ ಕೇಳಿದೆ, ನಿಮ್ಮ ಹತ್ತಿರ ಬಂದವರಿಗೆ ನೀವು ಏನು ಹೇಳುತ್ತಿದ್ದಿರಿ ಎಂದು. ಯಾರ ವಿಷಯವನ್ನೂ ಅವರು ಎತ್ತಲಿಲ್ಲ. ‘ಕ್ಷಮಿಸಿದ್ದೇನೆ’ ಎಂಬ ಮಾತನ್ನು ಒಂದು ಸಲವೂ ಆಡಲಿಲ್ಲ, ಆಡುವ ಅಧಿಕಾರ ತನಗಿರಲಿಲ್ಲ ಎಂದರು. ಕ್ಷಮಿಸುವವರು ದೇವರು. ಬಿಷಪ್ ದಾರಿ ತೋರಿಸುವವರು, ಜೊತೆಗೆ ಸಭೆಯ ಕಡೆಯಿಂದ ನ್ಯಾಯ ನೋಡುವವರು. ಕೆಲವರ ಜೊತೆ ಒಂದು ವರ್ಷಕ್ಕೂ ಜಾಸ್ತಿ, ವಾರವಾರ ಸಂಜೆ ಕೂತಿದ್ದರಂತೆ. ಸಣ್ಣಪುಟ್ಟ ತಪ್ಪುಗಳನ್ನು ದೇವರಿಗೆ ಮತ್ತು ನೋವು ತಿಂದವರಿಗೆ ಹೇಳಿದರೆ ಸಾಕು. ವ್ಯಭಿಚಾರ, ಹಿಂಸೆ, ದೊಡ್ಡ ಮೋಸದಂಥವು ಮಾತ್ರ ಬಿಷಪ್‌ವರೆಗೆ ಹೋಗಬೇಕು.

ಹಾಗಾದರೆ ಕ್ಷಮೆ ಸಿಕ್ಕಿತು ಎಂದು ಗೊತ್ತಾಗುವುದು ಹೇಗೆ? ಜೋಸೆಫ್ ಸ್ಮಿತ್ ತಮಗೆ ಬಂದ ದೈವವಾಣಿ ಎಂದು ಕೊಟ್ಟ ಮಾತುಗಳ ಸಂಗ್ರಹವೊಂದು ಅವರ ಧರ್ಮಗ್ರಂಥಗಳಲ್ಲಿದೆ. ಅದರ 58ನೇ ಭಾಗದಲ್ಲಿ ಎರಡು ಮಾತು ಅಕ್ಕಪಕ್ಕ ಬರುತ್ತವೆ. ಪಶ್ಚಾತ್ತಾಪಪಟ್ಟವನ ಪಾಪವನ್ನು ದೇವರು ಮತ್ತೆ ನೆನಪಿಟ್ಟುಕೊಳ್ಳುವುದಿಲ್ಲ. ಪಶ್ಚಾತ್ತಾಪಪಟ್ಟಿದ್ದಾನೆ ಎನ್ನುವುದಕ್ಕೆ ಗುರುತು, ಅವನು ಪಾಪವನ್ನು ಒಪ್ಪಿಕೊಂಡು ಬಿಟ್ಟುಬಿಡುತ್ತಾನೆ. ನಿಮ್ಮ ಮಗ ‘ನಿಜವಾಗಿ ಬದಲಾಗಬೇಕು’ ಅಂದದ್ದು ಇದನ್ನೇ. ಬದಲಾದ ಬದುಕು, ಮನಸ್ಸಿಗೆ ಬರುವ ನೆಮ್ಮದಿ, ಇವೇ ಅವರಿಗೆ ಉತ್ತರ. ಕಿವಿಗೆ ಕೇಳುವ ಮಾತು ಇಲ್ಲ.

ಎದುರುಮನೆಯ ಆ ಅಮ್ಮ ಒಂದು ಭಾನುವಾರ ನನ್ನನ್ನು ತಮ್ಮ ಆರಾಧನೆಗೆ ಕರೆದುಕೊಂಡು ಹೋದರು. ಹಣೆಗೆ ಮುತ್ತಿಡಬೇಕು ಅನಿಸುವಂಥ ಪುಟ್ಟ ಪುಟ್ಟ ಹುಡುಗರು, ಬಿಳಿ ಅಂಗಿ ಟೈ ಹಾಕಿಕೊಂಡು, ರೊಟ್ಟಿಯ ತುಂಡುಗಳ ತಟ್ಟೆ ಹಿಡಿದು ಬಂದರು. ಆಮೇಲೆ ಇನ್ನೊಂದು ತಟ್ಟೆ, ಸಣ್ಣ ಸಣ್ಣ ಲೋಟಗಳಲ್ಲಿ ನೀರು. ಅವರಲ್ಲಿ ದ್ರಾಕ್ಷಾರಸವಿಲ್ಲ, ನೀರೇ. ತಟ್ಟೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಾ ಬರುತ್ತದೆ. ನಮ್ಮ ಸಾಲಿನಲ್ಲಿ ಒಬ್ಬ ಯುವಕ ತಟ್ಟೆ ತೆಗೆದುಕೊಂಡು, ಏನೂ ಮುಟ್ಟದೆ ನನಗೆ ದಾಟಿಸಿದ. ಕಣ್ಣು ಕೆಳಗೆ. ನಾನೂ ಅನ್ಯಸಭೆಯವಳು, ಮುಟ್ಟದೆ ಆ ಅಮ್ಮನಿಗೆ ದಾಟಿಸಿದೆ. ಅವನು ನನ್ನಂತೆ ಅತಿಥಿಯೋ, ಅಥವಾ ಸ್ವಲ್ಪ ಕಾಲ ತೆಗೆದುಕೊಳ್ಳಬೇಡ ಎಂದು ಬಿಷಪ್ ಹೇಳಿದ್ದರೋ, ನನಗೆ ಗೊತ್ತಾಗಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಮನೆಗೆ ಬರುವವರೆಗೂ ಆ ಬಗ್ಗಿದ ತಲೆ ನನ್ನ ಕಣ್ಣ ಮುಂದೆಯೇ ಇತ್ತು.

ಅವರಲ್ಲಿ ಹಾಗೂ ಇದೆ. ಪಾಪ ದೊಡ್ಡದಾದರೆ ಸಭೆಯ ಹಿರಿಯರ ಸಮಿತಿ ಕೂರುತ್ತದೆ. ರೊಟ್ಟಿ ನೀರು ತೆಗೆದುಕೊಳ್ಳುವಂತಿಲ್ಲ, ಟೆಂಪಲ್ ಒಳಗೆ ಹೋಗುವಂತಿಲ್ಲ ಎಂದು ಕೆಲ ಕಾಲ ನಿರ್ಬಂಧ ಹಾಕಬಹುದು. ಇನ್ನೂ ಗಂಭೀರವಾದರೆ ಸದಸ್ಯತ್ವವನ್ನೇ ತೆಗೆಯುತ್ತಾರೆ. ಆಮೇಲೆ ವಾಪಸ್ ಬರಬೇಕೆಂದರೆ ಸಾಮಾನ್ಯವಾಗಿ ಒಂದು ವರ್ಷವಾದರೂ ಬೇಕು, ಮತ್ತೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ (ನಾವು ಜ್ಞಾನಸ್ನಾನ ಅನ್ನುವುದು) ಪಡೆಯಬೇಕು.

ಇದನ್ನು ಕೇಳಿ ನಿಮಗೆ ‘ಅಯ್ಯೋ, ಎಷ್ಟು ಕಠಿಣ’ ಅನಿಸಬಹುದು. ನಮ್ಮ ಸಭೆಯ ಹಳೆಯ ಕತೆ ಗೊತ್ತಾ? ಬಿಷಪ್‌ಗಳು ಸೇರಿ ನಡೆಸಿದ ಕ್ರಿ.ಶ. 325ರ ನೈಸಿಯ ಮಹಾಸಭೆಯ 11ನೇ ನಿಯಮ ಓದಬೇಕು ನೀವು. ದೊಡ್ಡ ಬಲವಂತವಿಲ್ಲದೆಯೇ ನಂಬಿಕೆ ಬಿಟ್ಟುಹೋಗಿದ್ದವರು ವಾಪಸ್ ಬಂದರೆ ಮೂರು ವರ್ಷ ಬರೀ ಕೇಳುವವರ ಸಾಲಿನಲ್ಲಿ, ಏಳು ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲಿ, ಇನ್ನೆರಡು ವರ್ಷ ಪೂಜೆಯಲ್ಲಿ ಹಂಚುವ ಪರಮಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಿ ಮಾತ್ರ. ಒಟ್ಟು 12 ವರ್ಷ! ಎಲ್ಲರ ಕಣ್ಣೆದುರಿಗೆ. ಗುಟ್ಟಾಗಿ, ಒಬ್ಬರೇ ಗುರುಗಳ ಹತ್ತಿರ, ಬೇಕಾದಷ್ಟು ಸಲ ಹೇಳಿಕೊಳ್ಳುವ ಪದ್ಧತಿ ಬಂದದ್ದು ಆಮೇಲೆ, ಐರ್ಲೆಂಡಿನ ಸನ್ಯಾಸಿಗಳಿಂದ. 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಹೋಗಲೇಬೇಕು ಎಂದಿತು. ಮಗ ಹೊಗಳಿದ ‘ಅವರ’ ದಾರಿಯಲ್ಲಿ ನಮ್ಮ ಪೂರ್ವಿಕರೂ ನಡೆದಿದ್ದರು ತಂಗಿ. ನಡೆದು ನೋಡಿಯೇ, ಬಿದ್ದವರು ಏಳಲು ಸುಲಭವಾಗಲಿ ಎಂದು ಸಭೆ ಬಾಗಿಲನ್ನು ದೊಡ್ಡದು ಮಾಡಿತು. ಹಗುರ ಮಾಡಬೇಕೆಂದು ಮಾಡಿದ್ದಲ್ಲ.

ನನ್ನ ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳುತ್ತೇನೆ. ಬಿಷಪ್ ಎಂದರೆ ಅಕ್ಕಪಕ್ಕದ ಮನೆಯವರು, ತಿಂಗಳುಗಟ್ಟಲೆ ಬೆನ್ನ ಹಿಂದೆ ನಿಂತು ‘ಈ ವಾರ ಹೇಗಿತ್ತು?’ ಎಂದು ಕೇಳುವವರು, ಇದು ನನಗೆ ತುಂಬಾ ಇಷ್ಟವಾಯಿತು. ಕುಡಿತ ಬಿಡಲು ಒದ್ದಾಡುವವರಿಗೆ ನಮ್ಮ ಧರ್ಮಕೇಂದ್ರಗಳಲ್ಲೂ ಅಂಥವರು ಬೇಕು. ಆದರೆ ‘ನಾನು ಸಾಕಷ್ಟು ಬದಲಾದೆನಾ?’ ಎಂದು ದಿನಾ ತನ್ನನ್ನೇ ಅಳೆದುಕೊಳ್ಳುವ ಮನಸ್ಸಿನವರಿಗೆ ಆ ದಾರಿ ಭಾರ. ಮತ್ತೆ ಪಾಪ ಮಾಡಿದರೆ ಹಳೆಯದೂ ತಿರುಗಿ ಬರುತ್ತದೆ ಎಂಬ ಮಾತು ಅದೇ ಗ್ರಂಥದ 82ನೇ ಭಾಗದಲ್ಲಿದೆ. ನಮ್ಮಲ್ಲಿ ಒಮ್ಮೆ ಬಿಡಿಸಿದ ಪಾಪ ಹೋಯಿತು, ಮತ್ತೆ ಬಿದ್ದರೆ ಅದು ಹೊಸ ಪಾಪ. ನನಗೆ ನಮ್ಮ ದಾರಿಯೇ ಹಿತ. ಹಾಗೆಂದು ಅವರದ್ದು ಬರೀ ಬಿಗಿ ಎಂದುಕೊಳ್ಳಬೇಡಿ. ಅವರ ಇನ್ನೊಂದು ಧರ್ಮಗ್ರಂಥವಾದ ಮಾರ್ಮನ್ ಗ್ರಂಥದಲ್ಲಿ ಆಲ್ಮ ಎಂಬವನ ಕತೆ ಬರುತ್ತದೆ. ಮೂರು ದಿನ ತನ್ನ ಪಾಪದ ನೆನಪಿನಿಂದ ನರಳಿ, ಯೇಸುವಿನ ಹೆಸರು ಹಿಡಿದು ಕೂಗಿದ ಕ್ಷಣದಲ್ಲೇ ಆ ನೋವೆಲ್ಲ ಮಾಯವಾಗಿ ಸಂತೋಷ ತುಂಬಿಕೊಂಡಿತು ಎನ್ನುತ್ತಾನೆ. ನಿಮ್ಮ ಸೊಸೆಯಾಗುವವಳಿಗೆ ಆ ಕತೆ ಬಾಯಿಪಾಠ ಇರಬಹುದು. ಕೇಳಿ ನೋಡಿ, ಅವಳ ಬಾಯಲ್ಲೇ.

ಇನ್ನೆರಡು ವ್ಯತ್ಯಾಸ ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದೆ ಮೊಮ್ಮಕ್ಕಳಾದಾಗ ಬೇಕಾಗುತ್ತದೆ. ಮಕ್ಕಳು ಆದಾಮನ ಪಾಪದ ನೆರಳಿನಲ್ಲಿ ಹುಟ್ಟುತ್ತಾರೆ ಎಂದು ನಾವು ನಂಬಿ ಹಸುಗೂಸಿಗೇ ಜ್ಞಾನಸ್ನಾನ ಕೊಡಿಸುತ್ತೇವೆ. ಅವರು ಇದನ್ನು ಒಪ್ಪುವುದಿಲ್ಲ. ಎಂಟು ವರ್ಷದವರೆಗೆ ಮಗುವಿಗೆ ಪಶ್ಚಾತ್ತಾಪದ ಅಗತ್ಯವೇ ಇಲ್ಲ, ಆಮೇಲೆಯೇ ದೀಕ್ಷಾಸ್ನಾನ ಎನ್ನುತ್ತಾರೆ. ಎರಡನೆಯದು ಸತ್ತವರ ವಿಷಯ. ನಾವು ನವೆಂಬರ್ 2ರಂದು ಸಮಾಧಿಗೆ ಹೋಗಿ ಮೊಂಬತ್ತಿ ಹಚ್ಚಿ, ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗಾಗಿ ಬೇಡುತ್ತೇವೆ. ಸತ್ತ ಮೇಲೂ ಆತ್ಮಗಳು ಶುಭಸಂದೇಶ ಕೇಳಿ ಪಶ್ಚಾತ್ತಾಪಪಡಬಹುದು ಎಂದು ಅವರು ನಂಬುತ್ತಾರೆ. ಅವರ ಪರವಾಗಿ ಬದುಕಿರುವವರು ಟೆಂಪಲ್‌ನಲ್ಲಿ ದೀಕ್ಷಾಸ್ನಾನ ಪಡೆಯುತ್ತಾರೆ. ವಂಶಾವಳಿ ಹುಡುಕುವುದರಲ್ಲಿ ಅವರಿಗೆ ಅಷ್ಟು ಆಸಕ್ತಿ ಇರುವುದು ಇದಕ್ಕೇ. ಹೀಗಾಗಿಯೇ 2008ರಲ್ಲಿ ವ್ಯಾಟಿಕನ್, ಧರ್ಮಕೇಂದ್ರಗಳ ಜ್ಞಾನಸ್ನಾನ ಪುಸ್ತಕಗಳನ್ನು ಅವರಿಗೆ ಕೊಡಬೇಡಿ ಎಂದು ತಿಳಿಸಿತು. ಸತ್ತವರನ್ನು ಕೈಬಿಡಬಾರದು ಎಂಬ ಪ್ರೀತಿ ಮಾತ್ರ ಎರಡೂ ಕಡೆ ಒಂದೇ.

ಪ್ರಶ್ನೆ: ಟೀಚರ್, ಬೆಂಗಳೂರಿನಲ್ಲೂ ಮಾರ್ಮನ್ನರ ಟೆಂಪಲ್ ಬರುತ್ತದೆ ಎಂದು ಓದಿದೆ. ನನ್ನ ಸ್ನೇಹಿತ ಆ ಸಭೆಯವನು. ಅವರ ಬಿಷಪ್‌ಗೆ ಹೇಳಿದ ಗುಟ್ಟು ನಮ್ಮ ಫಾದರ್‌ಗೆ ಹೇಳಿದಷ್ಟೇ ಭದ್ರವಾ?
(ಕಾಲೇಜು ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಹೌದು ಮಗಾ, ಆ ಟೆಂಪಲ್ ಕಟ್ಟುವ ವಿಷಯವನ್ನು 2018ರಲ್ಲಿ ಹೇಳಿದರು, 2020ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ನೆಲ ಅಗೆದರು. ಇನ್ನು ಗುಟ್ಟು. ಅವರ ಬಿಷಪ್ ಕೂಡ ಕೇಳಿದ್ದನ್ನು ಹೊರಗೆ ಆಡಬಾರದು. ಆದರೆ ತಮ್ಮ ಮೇಲಿನ ಹಿರಿಯರ ಜೊತೆ ಆಲೋಚಿಸಬಹುದು, ವಿಷಯ ದೊಡ್ಡದಾದರೆ ಸಮಿತಿಯ ಮುಂದೆಯೂ ಬರಬಹುದು. ನಮ್ಮಲ್ಲಿ ಅದಕ್ಕೆ ಜಾಗವೇ ಇಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪೋಪ್‌ಗೂ ಹೇಳುವಂತಿಲ್ಲ, ನ್ಯಾಯಾಲಯಕ್ಕೂ ಹೇಳುವಂತಿಲ್ಲ, ಜೀವ ಹೋದರೂ ಹೇಳುವಂತಿಲ್ಲ. ಬೇಕೆಂದೇ ಬಾಯಿಬಿಟ್ಟರೆ ಆ ಕ್ಷಣವೇ ಸಭೆಯಿಂದ ಹೊರಗೆ. ಪ್ರಾಗ್ ನಗರದ ಚಾರ್ಲ್ಸ್ ಸೇತುವೆಯ ಮೇಲೆ ನೆಪೋಮುಕ್‌ನ ಸಂತ ಜಾನ್‌ರ ಪ್ರತಿಮೆ ಇದೆ. ರಾಣಿ ಹೇಳಿಕೊಂಡದ್ದನ್ನು ರಾಜನಿಗೆ ಹೇಳಲು ಒಪ್ಪದ್ದಕ್ಕೆ 1393ರಲ್ಲಿ ಅವರನ್ನು ನದಿಗೆ ಎಸೆದರು ಎಂದು ನಮ್ಮವರು ಹೇಳಿಕೊಂಡು ಬಂದಿದ್ದಾರೆ.

ಇದರ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಮಗುವಿನ ಮೇಲೆ ದೌರ್ಜನ್ಯ ನಡೆದಾಗ ಈ ಮೌನ ಯಾರನ್ನು ಕಾಯುತ್ತದೆ ಎಂದು ಜನ ಕೇಳುತ್ತಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಯಾರಿಂದಲಾದರೂ ನಿನಗೆ ಅಥವಾ ನಿನ್ನ ಸ್ನೇಹಿತನಿಗೆ ಅಂಥದ್ದು ಆಗಿದ್ದರೆ, ಅದು ನಿಮ್ಮ ಪಾಪವೇ ಅಲ್ಲ. ಪಾಪನಿವೇದನೆಗೂ ಬೇಡ, ಬಿಷಪ್ ಹತ್ತಿರವೂ ಬೇಡ. ಮೊದಲು ಮನೆಯಲ್ಲಿ ನಂಬಿಕೆಯ ಹಿರಿಯರಿಗೆ, ಆಮೇಲೆ ಪೊಲೀಸರಿಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098 ಇದೆ.

ಪ್ರಶ್ನೆ: ಮನುಷ್ಯರಿಗೆ ಪಶ್ಚಾತ್ತಾಪ ಕಲಿಸುವ ಈ ಸಭೆಗಳು, ತಾವು ತಪ್ಪು ಮಾಡಿದಾಗ ಕ್ಷಮೆ ಕೇಳಿದ್ದುಂಟಾ?
(ನಿವೃತ್ತ ನೌಕರರು, ಧಾರವಾಡ)

ಉತ್ತರ: ಕೇಳಿದ್ದಾರೆ ಅಣ್ಣಾ, ತುಂಬಾ ತಡವಾಗಿ. 1857ರ ಸೆಪ್ಟೆಂಬರ್ 11ರಂದು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್ ಎಂಬ ಬಯಲಿನಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸುಮಾರು 120 ವಲಸಿಗರನ್ನು ಅಲ್ಲಿನ ಮಾರ್ಮನ್ ದಂಡಿನವರು ಕೊಂದರು. ಉಳಿದದ್ದು 17 ಪುಟ್ಟ ಮಕ್ಕಳು. ಶಿಕ್ಷೆಯಾದದ್ದು ಒಬ್ಬನಿಗೆ, ಅದೂ ಸುಮಾರು 20 ವರ್ಷ ಕಳೆದ ಮೇಲೆ. ಸರಿಯಾಗಿ 150 ವರ್ಷ ಕಳೆದು, 2007ರಲ್ಲಿ, ಅದೇ ಬಯಲಿನಲ್ಲಿ ನಿಂತು ಅವರ ಹಿರಿಯ ನಾಯಕ ಹೆನ್ರಿ ಐರಿಂಗ್ ಸಭೆಯ ಪರವಾಗಿ ತೀವ್ರ ವಿಷಾದದ ಮಾತು ಓದಿದರು. ನಮ್ಮಲ್ಲಿ 2000ದ ಮಾರ್ಚ್ 12ರಂದು ಎರಡನೇ ಜಾನ್ ಪಾಲ್, ಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ಪಾಪಗಳಿಗಾಗಿ ಸಂತ ಪೇತ್ರರ ದೇವಾಲಯದಲ್ಲಿ ದೇವರ ಕ್ಷಮೆ ಬೇಡಿದರು. 2022ರಲ್ಲಿ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಕೆನಡಾಕ್ಕೆ ಹೋಗಿ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು ಕೂಡಿಹಾಕಿದ ಶಾಲೆಗಳಿಗಾಗಿ ಅವರ ಮುಂದೆಯೇ ಕ್ಷಮೆ ಕೇಳಿದರು. ಬಳೆಯನ್ನು ಒಂಬತ್ತು ವರ್ಷ ಇಟ್ಟುಕೊಂಡ ನನಗೆ ಇವರಾರನ್ನೂ ಬೈಯಲು ಬಾಯಿ ಬರುವುದಿಲ್ಲ. ಆದರೆ ಕೊಂದವರೂ ಸತ್ತವರೂ ಮಣ್ಣಾದ ಮೇಲೆ ಬಂದ ಮಾತು ಅರ್ಧ ಮಾತು, ಅದನ್ನು ಒಪ್ಪಲೇಬೇಕು.

ಯೂಟಾದ ತಂಗಿಯ ಕೊನೆಯ ಪ್ರಶ್ನೆ ಬಾಕಿ ಇದೆ, ಬೀಗರ ಹತ್ತಿರ ಏನು ಮಾತಾಡುವುದು ಎಂದು. ಮದುವೆಯ ವಿಷಯವನ್ನು ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮಾತಾಡಿ. ಅವರ ದೀಕ್ಷಾಸ್ನಾನವನ್ನು ನಮ್ಮ ಸಭೆ ಮಾನ್ಯ ಮಾಡುವುದಿಲ್ಲ ಎಂದು 2001ರಲ್ಲಿ ವ್ಯಾಟಿಕನ್ ಹೇಳಿದೆ. ಹಾಗಾಗಿ ಚರ್ಚಿನಲ್ಲಿ ಮದುವೆಯಾಗಲು ನಮ್ಮ ಧರ್ಮಾಧ್ಯಕ್ಷರ, ಅಂದರೆ ಬಿಷಪ್‌ರ, ವಿಶೇಷ ಅನುಮತಿ ಬೇಕು. ಅದು ಸಾಮಾನ್ಯವಾಗಿ ಸಿಗುತ್ತದೆ, ಆದರೆ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ. ಊಟದ ಮೇಜಿನ ಮೇಲೆ ಅದನ್ನು ಎತ್ತಬೇಡಿ.

ಅದರ ಬದಲು ದಕ್ಷಿಣ ಯೂಟಾದ ಸೇಂಟ್ ಜಾರ್ಜ್ ಊರಿನ ಕತೆ ಎತ್ತಿ. 1879ರಲ್ಲಿ ಅಲ್ಲಿ ಕಥೋಲಿಕರಿಗೆ ಹಾಡುಪೂಜೆ ಮಾಡಲು ಜಾಗವಿರಲಿಲ್ಲ. ಫಾದರ್ ಸ್ಕ್ಯಾನ್ಲನ್‌ರಿಗೆ ಮಾರ್ಮನ್ನರು ತಮ್ಮ ಸಭಾಮಂದಿರವನ್ನೇ ಬಿಟ್ಟುಕೊಟ್ಟರು. ಅವರ ಹಾಡುಗಾರರು ಲ್ಯಾಟಿನ್ ಪೂಜೆಯ ಹಾಡುಗಳನ್ನು ಕಲಿತು ಹಾಡಿದರು. ಆಮೇಲೆ ಬಿಷಪ್ ಆಗಿ ನಿಮ್ಮ ಕೆಥೆಡ್ರಲ್ ಕಟ್ಟಿಸಿದವರೂ ಅದೇ ಸ್ಕ್ಯಾನ್ಲನ್.

ತಿಂಗಳ ಮೊದಲ ಭಾನುವಾರ ಮಾತ್ರ ಮಧ್ಯಾಹ್ನಕ್ಕೆ ಕರೆಯಬೇಡಿ. ಆ ದಿನ ಅವರು ಎರಡು ಹೊತ್ತು ಉಪವಾಸವಿದ್ದು, ಆ ಊಟದ ಖರ್ಚನ್ನು ಬಡವರಿಗೆ ಕೊಡುತ್ತಾರೆ. ಸಂಜೆ ಕರೆದರೆ ಆಗುತ್ತದೆ. ಹಸಿದು ಬಂದಿರುತ್ತಾರೆ, ಕಡುಬು ಕೋಳಿಸಾರು ಜಾಸ್ತಿಯೇ ಮಾಡಿಡಿ. ಅವರು ಕಾಫಿ, ಚಹಾ ಮುಟ್ಟುವುದಿಲ್ಲ. ನಿಮ್ಮದು ಚಿಕ್ಕಮಗಳೂರಿನ ಮನೆ, ಕೈ ತಾನಾಗಿ ಫಿಲ್ಟರ್ ಕಡೆ ಹೋಗುತ್ತದೆ. ಅದನ್ನು ಒಂದು ದಿನ ಒಳಗಿಟ್ಟು, ಬಾದಾಮಿ ಹಾಲು ಕಾಯಿಸಿ. ಏಲಕ್ಕಿ ಇಲ್ಲಿಂದ ತೆಗೆದುಕೊಂಡು ಹೋಗಿದ್ದು ಇದ್ದರೆ ಅದನ್ನೇ ಹಾಕಿ.